ನಾಯಿಯ ಉಣ್ಣೆಜ್ವರ

ನಾಯಿಯನ್ನು ಸಾಕಿದ ಮನೆಯಲ್ಲಿ ಉಣ್ಣೆಯ ಪರಿಚಯವಿಲ್ಲದವರು ಇರಲಾರರು. ಇಲ್ಲಿ ಉಣ್ಣೆಯೆಂದುದರಿಂದ ಕಂಬಳಿ ನೇಯುವ ಕುರಿಯ ತುಪ್ಪಟವನ್ನು ಯಾರೂ ನೆನೆಯಬಾರದು. ದನದ ಕೆಚ್ಚಲಿಗೂ ನಾಯಿಯ ಕಿವಿಗೂ ಕಚ್ಚಿಕೊಂಡು ನೆತ್ತರನ್ನು ಹೀರುವ ಹುಳುವಿನ ಹೆಸರೂ ಅದೇ. ಮಲೆನಾಡಿನ ಕಡೆ ಇದನ್ನು ಉಣುಗು ಎನ್ನುತ್ತಾರೆ. ಕೆಚ್ಚಲಿನಲ್ಲಿಯೇ ಮನೆಮಾಡಿಕೊಂಡಿದ್ದರೂ ಹಾಲಿನ ಸವಿಯನ್ನರಿಯದ ಪ್ರಾಣಿಯೆಂದು ಹಳಿದು, ನಮ್ಮ ಹಿರಿಯರು ಅರಸಿಕರನ್ನು ಇದಕ್ಕೆ ಹೋಲಿಸಿದರು. ಆ ಹೋಲಿಕೆಯಲ್ಲಿ ಉಣ್ಣೆಯ ತಪ್ಪೆಲ್ಲವೂ ಅದು ಹೀರಿಕೊಳ್ಳುವುದರಲ್ಲಿದೆ. ಆದರೆ ಹೀರುವ ಕಾಲದಲ್ಲಿ ಅದು ಒಳಕ್ಕೆ ಬಿಡುವ ಎಂಜಲು, ಹೀರಿದ ರಕ್ತಕ್ಕಿಂತ ಎಷ್ಟೋ ಪಾಲು ಹೆಚ್ಚು ಅನರ್ಥಕಾರಿಯೆಂಬುದನ್ನು ಈಚಿನ ನೂರಮೂವತ್ತು ವರ್ಷಗಳ ವಿಜ್ಞಾನವು ತೋರಿಸಿಕೊಟ್ಟಿದೆ. ಆ ಎಂಜಲಿನಿಂದ ನಾಯಿಗೆ ಬರುವ ಒಂದು ಜ್ವರದ ವಿಷಯವಾಗಿ ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ನಮ್ಮ ನಗರಗಳ ಮನೆಗಳಲ್ಲಿ ಮತ್ತೆ ಮತ್ತೆ ನಡೆಯುವ ಸಂಗತಿಯಿದು. ಚೆನ್ನಾಗಿ ಆಡಿಕೊಂಡಿದ್ದ ನಾಯಿ ಒಂದು ದಿನ ಅನ್ನವನ್ನು ಮುಟ್ಟದೆ ಮೂಲೆಯಲ್ಲಿ ಮಲಗುತ್ತದೆ. ಮೈ ಬಿಸಿಯಾಗಿರುತ್ತದೆ; ಕಣ್ಣಿನಲ್ಲಿ ಪಿಸುರು, ಮೂಗಿನಲ್ಲಿ ನೀರು. ಮನೆಯವರು ಹವೆಯ ಬದಲಾವಣೆಯೆಂದೋ ಏನೋ ತಿನ್ನಬಾರದ್ದನ್ನು ತಿಂದಿತೆಂದೋ ತಿಳಿದು ಗಂಜಿ ಹುಯ್ದು ನಾಲ್ಕಾರು ದಿನ ನೋಡುತ್ತಾರೆ. ಒಂದೆರಡು ವಾರಗಳಲ್ಲಿ ನಾಯಿ ತಾನಾಗಿ ಚೇತರಿಸಿಕೊಳ್ಳುತ್ತದೆ. ಎಲ್ಲರೂ ಅದನ್ನು ಮರೆಯುತ್ತಾರೆ. ಆರು ತಿಂಗಳೋ ವರ್ಷವೋ, ಕೆಲವು ವೇಳೆ ಇನ್ನೂ ಹೆಚ್ಚು ಕಾಲವೋ ಕಳೆದ ಮೇಲೆ, ಅದೇ ನಾಯಿಯ ಮೂಗಿನಿಂದ ರಕ್ತ ತೊಟ್ಟಿಕ್ಕಲಾರಂಭಿಸುತ್ತದೆ. ಉಷ್ಣವಾಗಿರಬೇಕೆಂದು ಮಜ್ಜಿಗೆ ಕೊಡುತ್ತಾರೆ. ರಕ್ತ ನಿಲ್ಲುವುದಿಲ್ಲ. ಒಸಡು ಬಿಳಿಚಿ ಸುಣ್ಣದಂತಾಗಿದೆಯೆಂದು ಆಗ ಕಾಣುತ್ತದೆ. ಪಶುವೈದ್ಯರಲ್ಲಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ಅವರು ಮಾಡಬಹುದಾದುದು ಬಹು ಸ್ವಲ್ಪವಾಗಿರುತ್ತದೆ.

ಆ ಮೊದಲಿನ ಜ್ವರವೂ ಈ ಕೊನೆಯ ರಕ್ತವೂ ಬೇರೆ ಬೇರೆ ಕಾಯಿಲೆಗಳೆಂದು ಮನೆಯವರು ಎಣಿಸುವುದು ಸಹಜವೇ. ಅವೆರಡೂ ಒಂದೇ ರೋಗದ ತಲೆ ಮತ್ತು ಬಾಲ. ನಡುವಣ ಒಡಲು ಕಣ್ಣಿಗೆ ಕಾಣದೆ ಹರಿದುಕೊಂಡು ಹೋಗಿರುತ್ತದೆ. ಈ ರೋಗವನ್ನು ಉಂಟುಮಾಡುವ ಬ್ಯಾಕ್ಟೀರಿಯಕ್ಕೆ ಎರ್ಲಿಕಿಯ ಕ್ಯಾನಿಸ್ ಎಂದು ಹೆಸರು. ನಮ್ಮಲ್ಲಿ ನಾಯಿ ಸಾಕಿದವರು ಸಾಮಾನ್ಯವಾಗಿ 'ಟಿಕ್ ಫೀವರ್' ಎಂದು ಕರೆಯುವುದರಲ್ಲಿ ಇದೇ ಮುಖ್ಯವಾದುದು. ಉಣ್ಣೆಜ್ವರವೆಂದರೆ ಅರ್ಥಕ್ಕೆ ಕುಂದೇನೂ ಬಾರದು. ಆದಕಾರಣ ನಾವು ಆ ಮಾತನ್ನೇ ಬಳಸುತ್ತೇವೆ.

ಉಣ್ಣೆಗೂ ರೋಗಕ್ಕೂ ಇರುವ ನಂಟನ್ನು ಮೊದಲು ಪ್ರಯೋಗದಿಂದ ಸಿದ್ಧಪಡಿಸಿದುದು ದನಗಳಲ್ಲಿ. ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬವರು ೧೮೯೩ರಲ್ಲಿ, ಟೆಕ್ಸಸ್ ಪ್ರಾಂತದ ದನದ ಜ್ವರವು ಉಣ್ಣೆಯ ಮೂಲಕವೇ ಹರಡುವುದೆಂದು ತೋರಿಸಿದರು. ಅನಂತರ ೧೯೦೬ರಲ್ಲಿ ಹೊವರ್ಡ್ ರಿಕೆಟ್ಸ್ ಎಂಬ ವೈದ್ಯನು ರಾಕಿ ಪರ್ವತದ ಮಚ್ಚೆಜ್ವರವನ್ನು ಮನುಷ್ಯರಿಗೆ ತರುವುದೂ ಉಣ್ಣೆಯೇ ಎಂದು ಸ್ಥಾಪಿಸಿದನು. ಈತನು ೧೯೧೦ರಲ್ಲಿ ಮೆಕ್ಸಿಕೊ ನಗರದಲ್ಲಿ ಟೈಫಸ್ ಜ್ವರವನ್ನು ಶೋಧಿಸುತ್ತಿದ್ದಾಗ ಅದೇ ಜ್ವರಕ್ಕೆ ತುತ್ತಾದನು. ರಿಕೆಟ್ಸಿಯ ಎಂಬ ಸೂಕ್ಷ್ಮಜೀವಿಗಳ ಕುಲಕ್ಕೆ ಅವನ ಹೆಸರು ಉಳಿದಿದೆ.

ನಮ್ಮ ಉಣ್ಣೆಜ್ವರ ಕಂಡುಬಂದುದು ಆಫ್ರಿಕದ ಉತ್ತರ ತೀರದಲ್ಲಿ. ಆಲ್ಜೀರಿಯ ದೇಶದ ಪಾಸ್ಟರ್ ಸಂಸ್ಥೆಯಲ್ಲಿ ಪ್ರಯೋಗಕ್ಕಾಗಿ ಸಾಕಿದ್ದ ನಾಯಿಗಳಲ್ಲಿ ಕೆಲವು ಉಣ್ಣೆ ಮುತ್ತಿಕೊಂಡು ಜ್ವರದಿಂದಲೂ ರಕ್ತಹೀನತೆಯಿಂದಲೂ ನರಳುತ್ತಿದ್ದುದನ್ನು ೧೯೩೫ರಲ್ಲಿ ಡೊನಾಸಿಯೆನ್ ಮತ್ತು ಲೆಸ್ತೊಕಾರ್ ಎಂಬ ಫ್ರೆಂಚ್ ವಿಜ್ಞಾನಿಗಳು ಗಮನಿಸಿದರು. ಅವುಗಳ ರಕ್ತದ ಬಿಳಿಯ ಕಣಗಳೊಳಗೆ ಸಣ್ಣ ಸಣ್ಣ ಚುಕ್ಕೆಗಳ ಗೊಂಚಲುಗಳಿದ್ದುವು. ಮೊದಲು ಇದಕ್ಕೆ ರಿಕೆಟ್ಸಿಯ ಕ್ಯಾನಿಸ್ ಎಂದೇ ಹೆಸರಿಟ್ಟರು. ೧೯೪೫ರಲ್ಲಿ, ಜರ್ಮನಿಯ ಪ್ರಖ್ಯಾತ ವಿಜ್ಞಾನಿ ಪಾಲ್ ಎರ್ಲಿಕ್‌ನ ಸ್ಮರಣಾರ್ಥವಾಗಿ ಇದನ್ನು ಎರ್ಲಿಕಿಯವೆಂದು ಕರೆದರು. ಆ ವೇಳೆಗಾಗಲೇ ನಮ್ಮ ನೆರೆಯ ಮದರಾಸಿನಿಂದ ಮುದಲಿಯಾರ್ ಎಂಬ ಪಶುವೈದ್ಯರು, ದಕ್ಷಿಣ ಇಂಡಿಯದ ನಾಯಿಗಳಲ್ಲಿಯೂ ಈ ರೋಗವಿದೆಯೆಂದು ೧೯೪೪ರಲ್ಲಿ ವರದಿ ಮಾಡಿದ್ದರು. ಇದು ವಿದೇಶದ ತಳಿಗಳೊಡನೆ ಈಚೆಗೆ ಬಂದ ಶೋಕಿಯ ಕಾಯಿಲೆಯೆಂದು ಕೆಲವರು ಹೇಳುವುದನ್ನು ನಾವು ಕೇಳಿದ್ದೇವೆ. ಅದು ನಿಲ್ಲುವ ಮಾತಲ್ಲ.

ರಕ್ತದಲ್ಲಿ ಬಿಳಿಯ ಕಣಗಳೆಂಬುವು ಶರೀರದ ಕಾವಲುಗಾರರು. ಹೊರಗಿನಿಂದ ಬಂದ ಸೂಕ್ಷ್ಮಜೀವಿಯನ್ನು ನುಂಗಿ ಅರಗಿಸಿಬಿಡುವುದು ಅವುಗಳಲ್ಲಿ ಕೆಲವಕ್ಕೆ ನೇಮಿಸಿದ ಕೆಲಸ. ಎರ್ಲಿಕಿಯವು ಹೀಗೆ ನುಂಗುವ ಕಣದೊಳಕ್ಕೆ ಹೊಕ್ಕು, ಅರಗಿಹೋಗದೆ, ಅಲ್ಲಿಯೇ ಒಂದು ಚೀಲದಲ್ಲಿ ಬೀಡುಬಿಟ್ಟು ಸಂತಾನವನ್ನು ಬೆಳೆಸುತ್ತದೆ. ಠಾಣೆಯೊಳಗೆ ಕಳ್ಳನು ಸಂಸಾರ ಹೂಡಿದಂತಾಯಿತು. ಆ ಸಂತಾನದ ಗುಂಪು ಸೂಕ್ಷ್ಮದರ್ಶಕದಲ್ಲಿ ಗುಂಡುಗುಂಡಾದ ಕಾಳುಗಳು ಒತ್ತಾಗಿ ಸೇರಿದ ಹಣ್ಣಿನ ಹಾಗೆ ತೋರುವುದರಿಂದ ಅದಕ್ಕೆ ಲ್ಯಾಟಿನ್ ಭಾಷೆಯಲ್ಲಿ ಹಿಪ್ಪುನೇರಳೆ ಹಣ್ಣಿನ ಹೆಸರನ್ನೇ ಇಟ್ಟಿದ್ದಾರೆ. ರೇಷ್ಮೆಯ ಸೀಮೆಯಲ್ಲಿ ಹುಟ್ಟಿದ ನಮ್ಮ ವಿದ್ಯಾರ್ಥಿಗಳಿಗೆ ಈ ಹೋಲಿಕೆಯನ್ನು ಎರಡನೆಯ ಸಲ ಹೇಳಿಕೊಡಬೇಕಾಗಿ ಬಂದಿಲ್ಲ.

ಈ ರೋಗದ ನಿಜವಾದ ಸ್ವರೂಪವನ್ನು ಲೋಕಕ್ಕೆ ತಿಳಿಸಿದುದು ಯುದ್ಧ. ಆಲ್ಜೀರಿಯದ ವರದಿಯಾದ ಮೇಲೆ ಸುಮಾರು ಮೂವತ್ತು ವರ್ಷ ಇದನ್ನು ಅಷ್ಟಾಗಿ ಯಾರೂ ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ. ೧೯೬೩ರಲ್ಲಿ ಸಿಂಗಪುರದಲ್ಲಿದ್ದ ಬ್ರಿಟಿಷ್ ಸೇನೆಯ ನಾಯಿಗಳು ರಕ್ತ ಸೋರಿ ಸಾಯತೊಡಗಿದುವು. ಅನಂತರ ವಿಯೆಟ್ನಾಮಿನಲ್ಲಿ ಅಮೆರಿಕದ ಸೇನೆಗೆ ಅದೇ ಗತಿಯಾಯಿತು. ಅಲ್ಲಿನ ಕಾಡುಗಳಲ್ಲಿ ಅಡಗಿದ್ದ ಶತ್ರುವನ್ನೂ ಹೂತಿಟ್ಟ ಸಿಡಿಮದ್ದನ್ನೂ ಮೂಸಿ ಪತ್ತೆಮಾಡುವುದಕ್ಕಾಗಿ ಸಾವಿರಾರು ನಾಯಿಗಳನ್ನು, ಬಹುಮಟ್ಟಿಗೆ ಜರ್ಮನ್ ಷೆಫರ್ಡ್ ಜಾತಿಯವನ್ನು, ಸಾಗಿಸಿದ್ದರು. ಒಂದೊಂದು ನಾಯಿಯ ಮೂಗಿನ ಮೇಲೆ ಹಿಂದೆ ನಡೆಯುವ ಎಷ್ಟೋ ಸಿಪಾಯಿಗಳ ಪ್ರಾಣ ನಿಂತಿತ್ತು. ೧೯೬೮ರಿಂದ ೧೯೭೦ರವರೆಗೆ ಅಂಥ ನಾಯಿಗಳಲ್ಲಿ ನೂರಕ್ಕೂ ಹೆಚ್ಚು, ಆ ಮೂಗುಗಳಿಂದಲೇ ರಕ್ತ ಸುರಿಸಿಕೊಂಡು ಸತ್ತುವು. ಕಾರಣ ತಿಳಿಯದೆ ವೈದ್ಯರು ಅದನ್ನು ಮೊದಲು 'ಅಜ್ಞಾತಮೂಲದ ರಕ್ತಸ್ರಾವ' ಎಂಬರ್ಥದ ಹೆಸರಿನಿಂದ ಕರೆದರು. ಅಜ್ಞಾನವನ್ನು ಗ್ರೀಕಿನಿಂದ ತಂದ ಮಾತಿನಲ್ಲಿ ಹೇಳಿದರೆ ಅದಕ್ಕೊಂದು ಗೌರವ ಬರುವುದೇನೋ ನಿಜ. ಕಡೆಗೆ ವಾಲ್ಟರ್ ರೀಡ್ ಸೇನಾ ಸಂಶೋಧನಾಲಯದ ಹಕ್ಸಾಲ್ ಮತ್ತು ಅವರ ಸಂಗಡಿಗರು, ಇದು ಆಲ್ಜೀರಿಯದಲ್ಲಿ ಕಂಡ ಹಳೆಯ ಎರ್ಲಿಕಿಯವೇ ಎಂದು ಗುರುತಿಸಿದರು. ೧೯೭೧ರಲ್ಲಿ ಅದನ್ನು ನಾಯಿಯ ರಕ್ತಕಣಗಳಲ್ಲಿ ಗಾಜಿನ ಪಾತ್ರೆಯೊಳಗೆ ಬೆಳೆಸುವುದು ಸಾಧ್ಯವಾಯಿತು. ೧೯೭೫ರಲ್ಲಿ ಕಂದು ಬಣ್ಣದ ನಾಯಿಯುಣ್ಣೆಯೇ ಇದರ ವಾಹಕವೆಂಬುದು ಪ್ರಯೋಗದಿಂದ ದೃಢಪಟ್ಟಿತು.

ಆ ಯುದ್ಧದ ನಾಯಿಗಳನ್ನು ನೋಡಿ ಕಲಿತ ಪಾಠದಲ್ಲಿ ಮುಖ್ಯವಾದುದು, ಮೊದಲೇ ಹೇಳಿದ ಆ ಕಾಣದ ನಡುಗಾಲ. ಸೋಂಕಿದ ಉಣ್ಣೆ ಕಚ್ಚಿದ ಎಂಟರಿಂದ ಇಪ್ಪತ್ತು ದಿನಗಳಲ್ಲಿ ಮೊದಲನೆಯ ಅವಸ್ಥೆ ತೊಡಗುತ್ತದೆ. ಜ್ವರ, ಅರುಚಿ, ಗಂಟಲ ಕೆಳಗೂ ಮೊಣಕಾಲ ಹಿಂದೆಯೂ ಗಂಟುಗಳ ಊತ, ಗುಲ್ಮದ ಊತ. ರಕ್ತದಲ್ಲಿ ಕಿರುಬಿಲ್ಲೆಗಳೆಂಬ ಕಣಗಳುಂಟು. ಡೆಂಗೆ ಜ್ವರದ ದೆಸೆಯಿಂದ ಈಗ ಎಲ್ಲರ ಬಾಯಲ್ಲಿಯೂ ಪ್ಲೇಟ್‌ಲೆಟ್ ಎಂದು ಓಡಾಡುತ್ತಿರುವುದು ಇವೇ. ಗಾಯವಾದೆಡೆಯಲ್ಲಿ ರಕ್ತ ಹೆಪ್ಪುಗಟ್ಟುವುದಕ್ಕೆ ಇವು ಬೇಕು. ಆರೋಗ್ಯವಂತ ನಾಯಿಯ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು ೨ ಲಕ್ಷದಿಂದ ೫ ಲಕ್ಷದವರೆಗೆ ಇರತಕ್ಕ ಇವು ಈ ಅವಸ್ಥೆಯಲ್ಲಿಯೇ ಕುಸಿದುಬಿಡುತ್ತವೆ. ಹೊಟ್ಟೆಯ ಕೆಳಗೆ ರೋಮವಿಲ್ಲದ ಕಡೆ ಚರ್ಮವನ್ನು ನೋಡಿದರೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳು ಕಾಣಬಹುದು. ಎರಡರಿಂದ ನಾಲ್ಕು ವಾರಗಳಲ್ಲಿ ಇದೆಲ್ಲವೂ ಇಳಿದುಹೋಗುತ್ತದೆ.

ಆಗ ಎರಡನೆಯ ಅವಸ್ಥೆ. ನಾಯಿ ಉಣ್ಣುತ್ತದೆ, ಓಡುತ್ತದೆ, ಬಾಗಿಲಿಗೆ ಬಂದವರನ್ನು ಬೊಗಳುತ್ತದೆ. ಒಳಗೆ ಸೂಕ್ಷ್ಮಜೀವಿ ಗುಲ್ಮದಂಥ ಅಂಗಗಳಲ್ಲಿ ಅಡಗಿ ಕುಳಿತಿರುತ್ತದೆ. ರಕ್ತವನ್ನು ಪರೀಕ್ಷಿಸಿದರೆ ಮಾತ್ರ, ಕಿರುಬಿಲ್ಲೆಗಳು ಇನ್ನೂ ಮೊದಲಿನ ಮಟ್ಟಕ್ಕೆ ಏರಿಲ್ಲವೆಂದು ತಿಳಿಯುತ್ತದೆ. ಇದು ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆಯಬಹುದು. ಕೆಲವು ನಾಯಿಗಳು ಈ ಕಾಲದಲ್ಲಿ ಸೂಕ್ಷ್ಮಜೀವಿಯನ್ನು ತಾವೇ ಗೆದ್ದು ಹೊರಬರುತ್ತವೆಂಬುದನ್ನೂ ಹೇಳಬೇಕು. ಗೆಲ್ಲಲಾರದವುಗಳಲ್ಲಿ ಕೆಲವು ಮೂರನೆಯ ಅವಸ್ಥೆಗೆ ಜಾರುತ್ತವೆ. ಅಲ್ಲಿ ಕೆಡುವುದು ಮೂಳೆಯೊಳಗಿನ ಮಜ್ಜೆ. ಕೆಂಪು ಕಣ, ಬಿಳಿ ಕಣ, ಕಿರುಬಿಲ್ಲೆ ಮೂರೂ ಹುಟ್ಟುವ ತವರು ಅದು. ತವರೇ ಬತ್ತಿದಾಗ ನಾಯಿಗೆ ಉಸಿರಿಗೆ ಬೇಕಾದ ರಕ್ತವೂ ಇಲ್ಲ, ಇನ್ನೊಂದು ಸೋಂಕನ್ನು ತಡೆಯುವ ಶಕ್ತಿಯೂ ಇಲ್ಲ, ಸೋರುವ ರಕ್ತವನ್ನು ನಿಲ್ಲಿಸುವ ಉಪಾಯವೂ ಇಲ್ಲ. ಕೆಲವಕ್ಕೆ ಕಣ್ಣಿನೊಳಗೆ ಊತವುಂಟಾಗಿ ದೃಷ್ಟಿ ಹೋಗುತ್ತದೆ. ಜರ್ಮನ್ ಷೆಫರ್ಡ್ ಜಾತಿಯಲ್ಲಿ ಈ ಅವಸ್ಥೆ ಇತರ ಜಾತಿಗಳಿಗಿಂತ ಉಗ್ರವಾಗಿರುವುದೆಂದು ಕಂಡುಬಂದಿದೆ. ಪೋಲೀಸರ ನಾಯಿಯಂಥದೇ ಬೇಕೆಂದು ಆ ಜಾತಿಯನ್ನು ತರುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಇನ್ನು ಉಣ್ಣೆಯ ಕಡೆಗೆ ತಿರುಗೋಣ. ಹುಳುವೆಂದು ನಾವು ರೂಢಿಯಿಂದ ಹೇಳಿದರೂ ಉಣ್ಣೆ ಕೀಟಗಳ ವರ್ಗಕ್ಕೆ ಸೇರಿದ್ದಲ್ಲ. ಜೇಡಕ್ಕೂ ಚೇಳಿಗೂ ದಾಯಾದಿ. ಬೆಳೆದ ಉಣ್ಣೆಗೆ ಎಂಟು ಕಾಲು. ಮೊಟ್ಟೆಯಿಂದ ಹೊರಟ ಮರಿಗೆ ಮಾತ್ರ ಆರೇ ಕಾಲು. ಇದು ಹಾರಲಾರದು, ನೆಗೆಯಲಾರದು. ಮುಂಗಾಲಿನ ತುದಿಯಲ್ಲಿರುವ ಒಂದು ಸೂಕ್ಷ್ಮವಾದ ಇಂದ್ರಿಯದಿಂದ ಪ್ರಾಣಿಯ ಉಸಿರನ್ನೂ ಮೈಯ ಶಾಖವನ್ನೂ ಅರಿತು, ಆ ಕಾಲುಗಳನ್ನು ಚಾಚಿಕೊಂಡು ಕಾದಿರುತ್ತದೆ. ನಾಯಿಯುಣ್ಣೆಯಾದರೋ ಕೆಲವು ವೇಳೆ ತಾನೇ ನಡೆದುಕೊಂಡು ಬರುತ್ತದೆ. ಚರ್ಮವನ್ನು ಕಚ್ಚಿದ ಮೇಲೆ ಎಂಜಲಿನಿಂದ ಗಾರೆಯಂಥ ವಸ್ತುವನ್ನು ಸುರಿಸಿ ತನ್ನ ಬಾಯನ್ನು ಭದ್ರಪಡಿಸಿಕೊಳ್ಳುತ್ತದೆ. ಅದೇ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಪದಾರ್ಥವೂ ಉಂಟು, ನೋವು ತುರಿಕೆಗಳು ತೋರದಂತೆ ಮಾಡುವುದೂ ಉಂಟು. ಎರ್ಲಿಕಿಯವು ದಾಟುವುದು ಈ ಎಂಜಲಿನೊಡನೆ. ಅಮೆರಿಕದ ಕನೆಕ್ಟಿಕಟ್ ಪ್ರಾಂತದ ಊರೊಂದರ ಹೆಸರನ್ನು ಹೊತ್ತ ಲೈಮ್ ರೋಗವನ್ನು ಬೇರೊಂದು ಜಾತಿಯ ಕಾಡುಣ್ಣೆ ಹರಡುತ್ತದೆ. ಅದು ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಕಾಲ ಕಚ್ಚಿಕೊಂಡಿದ್ದರೆ ಮಾತ್ರ ರೋಗ ದಾಟುವುದು. ಅಲ್ಲಿನ ಪುಸ್ತಕಗಳನ್ನೋದಿ, ದಿನಕ್ಕೊಮ್ಮೆ ಉಣ್ಣೆ ಕಿತ್ತರೆ ಸಾಕೆಂದು ನಮ್ಮ ವಿದ್ಯಾವಂತರು ನಂಬಿರುವುದುಂಟು. ಎರ್ಲಿಕಿಯಕ್ಕೆ ಅಷ್ಟು ತಾಳ್ಮೆಯಿಲ್ಲ. ಕೆಲವೇ ಗಂಟೆಗಳಲ್ಲಿ ಅದು ನಾಯಿಯ ರಕ್ತವನ್ನು ಸೇರಬಲ್ಲದು.

ನಾಯಿಯುಣ್ಣೆ ತನ್ನ ಬಾಳಿನಲ್ಲಿ ಉಣ್ಣುವುದು ಮೂರೇ ಸಲ: ಮರಿಯಾಗಿ ಒಮ್ಮೆ, ನಡುವಯಸ್ಸಿನಲ್ಲಿ ಒಮ್ಮೆ, ಬೆಳೆದ ಮೇಲೆ ಒಮ್ಮೆ. ಪ್ರತಿಯೊಂದು ಊಟವಾದ ಮೇಲೂ ನಾಯಿಯಿಂದ ಕೆಳಕ್ಕೆ ಉದುರಿ, ಎಲ್ಲಿಯಾದರೂ ಅಡಗಿ, ಪೊರೆ ಕಳಚಿ, ಮತ್ತೆ ನಾಯಿಯನ್ನು ಹುಡುಕುತ್ತದೆ. ಕಡೆಯ ಊಟ ಮುಗಿದ ಹೆಣ್ಣು ಅವರೆಕಾಳಿನಂತೆ ಉಬ್ಬಿ, ನೆಲಕ್ಕೆ ಬಿದ್ದು, ಅಲ್ಲಿ ನಿಲ್ಲದೆ ಗೋಡೆಯನ್ನೇರುತ್ತದೆ. ಬಾಗಿಲ ಚೌಕಟ್ಟಿನ ಸಂದು, ಗಾರೆಯ ಬಿರುಕು, ತೂಗುಹಾಕಿದ ಪಟದ ಹಿಂಬದಿ, ಸೂರಿನ ಮೂಲೆ, ಇವು ಅದರ ಹೆರಿಗೆಯ ಕೋಣೆಗಳು. ಎರಡು ಮೂರು ಸಾವಿರ, ಕೆಲವು ವೇಳೆ ಇನ್ನೂ ಹೆಚ್ಚು ಮೊಟ್ಟೆಗಳನ್ನಿಟ್ಟು ಅದು ಸಾಯುತ್ತದೆ. ನಮ್ಮಂಥ ಬಿಸಿ ದೇಶದಲ್ಲಿ ಎರಡು ತಿಂಗಳ ಸುಮಾರಿನಲ್ಲಿ ಈ ಚಕ್ರ ಒಂದು ಸುತ್ತು ಬರುತ್ತದೆ. ಉಣ್ಣಲು ಸಿಕ್ಕದಿದ್ದರೂ ಬೆಳೆದ ಉಣ್ಣೆ ತಿಂಗಳುಗಟ್ಟಲೆ ಉಪವಾಸವಿರಬಲ್ಲದು. ವರ್ಷ ಮೀರಿ ಬದುಕಿರುವುದೂ ಉಂಟು. ಏಕಾದಶಿಯ ವ್ರತಕ್ಕೆ ಇದಕ್ಕಿಂತ ಯೋಗ್ಯರು ದೊರೆಯಲಾರರು.

ಇದರಿಂದ ತಿಳಿಯುವುದೇನೆಂದರೆ, ನಾಯಿಯ ಮೈಮೇಲೆ ನಮಗೆ ಕಾಣುವ ಉಣ್ಣೆಗಳು ಮನೆಯಲ್ಲಿರುವ ಒಟ್ಟು ಉಣ್ಣೆಗಳಲ್ಲಿ ಒಂದು ಸಣ್ಣ ಪಾಲು. ಮಿಕ್ಕುವು ನಮ್ಮೊಡನೆ ನಮ್ಮ ಸೂರಿನ ಕೆಳಗೇ ಸುಖವಾಗಿವೆ. ಉಣ್ಣೆ ಕಂಡೊಡನೆ ಬೀದಿಯ ನಾಯಿಗಳನ್ನು ದೂರುವುದು ನಗರವಾಸಿಗಳ ರೂಢಿ. ಮೊದಲ ಉಣ್ಣೆ ಅಲ್ಲಿಂದ ಬಂದಿರಬಹುದು, ನಾವು ಇಲ್ಲವೆನ್ನುವುದಿಲ್ಲ. ಆದರೆ ಪಡಸಾಲೆಯ ಗೋಡೆಯನ್ನೇರುತ್ತಿರುವ ಉಣ್ಣೆ ಬಹುಶಃ ಆ ಮನೆಯಲ್ಲಿಯೇ ಹುಟ್ಟಿ ಬೆಳೆದದ್ದು.

ಇಲ್ಲಿ ನಮಗೆ ಅನುಕೂಲವಾದ ಒಂದು ಸಂಗತಿಯೂ ಇದೆ. ತಾಯುಣ್ಣೆಯಿಂದ ಮೊಟ್ಟೆಯ ಮೂಲಕ ಮರಿಗೆ ಎರ್ಲಿಕಿಯವು ದಾಟುವುದಿಲ್ಲ. ಮೊಟ್ಟೆಯಿಂದ ಬಂದ ಮರಿಗಳೆಲ್ಲವೂ ನಿರ್ದೋಷಿಗಳು. ಸೋಂಕಿದ ನಾಯಿಯೊಂದನ್ನು ಕಚ್ಚಿದ ಮೇಲೆಯೇ ಅವಕ್ಕೆ ವಿಷ ಹತ್ತುವುದು. ಹಾಗೆ ಹತ್ತಿದ ಉಣ್ಣೆ ಸುಮಾರು ಐದು ತಿಂಗಳ ಮೇಲೆಯೂ ರೋಗವನ್ನು ದಾಟಿಸಬಲ್ಲದೆಂದು ಪ್ರಯೋಗಗಳಿಂದ ತಿಳಿದಿದೆ. ಆದ್ದರಿಂದ ರೋಗದ ಭಂಡಾರವೆಂದರೆ ನಾಯಿಯೇ, ಅದರಲ್ಲಿಯೂ ಎರಡನೆಯ ಅವಸ್ಥೆಯಲ್ಲಿ ಆರೋಗ್ಯವಾಗಿರುವಂತೆ ತೋರುವ ನಾಯಿ. ಅದನ್ನು ಗುಣಪಡಿಸಿದರೆ ಆ ಮನೆಯ ಉಣ್ಣೆಗಳ ಮುಂದಿನ ಪೀಳಿಗೆಗಳಿಗೂ ವಿಷ ತಪ್ಪುತ್ತದೆ.

ಗುಣಪಡಿಸುವ ಮದ್ದು ಇದೆ, ಅಗ್ಗವಾಗಿಯೂ ಇದೆ. ಅದರ ಹೆಸರು ಡಾಕ್ಸಿಸೈಕ್ಲಿನ್. ಈ ಮನೆತನದ ಮೂಲಪುರುಷನಾದ ಆರಿಯೊಮೈಸಿನ್ ಎಂಬ ಔಷಧವನ್ನು ಅಮೆರಿಕದ ಮಿಸೂರಿ ವಿಶ್ವವಿದ್ಯಾನಿಲಯದ ಹೊಲವೊಂದರ ಮಣ್ಣಿನ ಸೂಕ್ಷ್ಮಜೀವಿಯಿಂದ ಬೆಂಜಮಿನ್ ಡುಗ್ಗರ್ ಎಂಬವರು ಪಡೆದು ೧೯೪೮ರಲ್ಲಿ ಪ್ರಕಟಿಸಿದರು. ಡುಗ್ಗರ್ ಕೆಲಸಮಾಡುತ್ತಿದ್ದ ಲೆಡರ್ಲಿ ಸಂಶೋಧನಾಲಯದ ನಿರ್ದೇಶಕರಾಗಿದ್ದವರು ಆಂಧ್ರದ ಯಲ್ಲಾಪ್ರಗಡ ಸುಬ್ಬರಾಯರು. ಔಷಧವು ಬೆಳಕಿಗೆ ಬಂದ ವರ್ಷವೇ ಅವರು ತೀರಿಕೊಂಡರು. ಅದೇ ಮನೆತನದ ಡಾಕ್ಸಿಸೈಕ್ಲಿನ್ ೧೯೬೭ರಲ್ಲಿ ಬಳಕೆಗೆ ಬಂತು. ಬ್ಯಾಕ್ಟೀರಿಯವು ತನಗೆ ಬೇಕಾದ ಪ್ರೋಟೀನುಗಳನ್ನು ಕಟ್ಟಿಕೊಳ್ಳುವುದನ್ನು ಇದು ತಡೆಯುತ್ತದೆ. ಕಣದೊಳಕ್ಕೂ ಇಳಿಯಬಲ್ಲುದಾದ್ದರಿಂದ ಅಡಗಿರುವ ಎರ್ಲಿಕಿಯಕ್ಕೆ ಇದರಿಂದ ತಪ್ಪಿಸಿಕೊಳ್ಳುವುದು ಕಷ್ಟ.

ಇಷ್ಟು ಒಳ್ಳೆಯ ಮದ್ದಿದ್ದೂ ನಾಯಿಗಳು ಏಕೆ ಸಾಯುತ್ತವೆ? ಒಂದು ಕಾರಣ, ತಡವಾಗಿ ಕೊಡುವುದು. ಮಜ್ಜೆ ಬತ್ತಿದ ಮೇಲೆ ಕೊಟ್ಟರೆ ಸೂಕ್ಷ್ಮಜೀವಿ ಸತ್ತರೂ ಮಜ್ಜೆ ಚಿಗುರುವುದು ನಂಬುವಂತಿಲ್ಲ. ಇನ್ನೊಂದು ಕಾರಣ ಮದ್ದಿನ ಗುಣವೇ. ಮೊದಲನೆಯ ಅವಸ್ಥೆಯಲ್ಲಿ ಇದನ್ನು ಕೊಟ್ಟರೆ ಒಂದೆರಡು ದಿನಗಳಲ್ಲಿಯೇ ಜ್ವರ ಇಳಿಯುತ್ತದೆ. ನಾಯಿ ಎದ್ದು ಅನ್ನಕ್ಕೆ ಬರುತ್ತದೆ. ಪಶುವೈದ್ಯರು ೨೮ ದಿನ ಕೊಡಬೇಕೆಂದು ಬರೆದಿರುತ್ತಾರೆ. ನಾಯಿಯ ಬಾಯಿಗೆ ಮಾತ್ರೆ ಹಾಕುವುದು ಎಂಥ ಮಲ್ಲಯುದ್ಧವೆಂಬುದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಏಳನೆಯ ದಿನ, ಹೆಚ್ಚೆಂದರೆ ಹತ್ತನೆಯ ದಿನ, ಇನ್ನೇಕೆ ಈ ಹಿಂಸೆಯೆಂದು ಮನೆಯವರು ನಿಲ್ಲಿಸುತ್ತಾರೆ. ಹಾಗೆ ನಿಲ್ಲಿಸಿದರೆ ಗುಲ್ಮದಲ್ಲಿ ಉಳಿದ ಸೂಕ್ಷ್ಮಜೀವಿಗೆ ಎರಡನೆಯ ಅವಸ್ಥೆಯ ಬಾಗಿಲನ್ನು ನಾವೇ ತೆರೆದುಕೊಟ್ಟಂತಾಗುತ್ತದೆ. ಔಷಧದಂಗಡಿಯವರನ್ನು ಕೇಳಿ ಮೂರು ದಿನದ ಮಾತ್ರೆ ತಂದುಹಾಕುವುದಂತೂ ಕಾಯಿಲೆಯನ್ನು ವಾಸಿಮಾಡುವುದಲ್ಲ, ಬಚ್ಚಿಡುವುದು. ಈ ಮಾತ್ರೆಯನ್ನು ಹಾಲಿನಲ್ಲಿ ಕದಡಿ ಕುಡಿಸುವವರೂ ಉಂಟು. ಹಾಲಿನಲ್ಲಿರುವ ಸುಣ್ಣದ ಅಂಶ ಔಷಧವನ್ನು ಹಿಡಿದುಕೊಂಡು ರಕ್ತಕ್ಕೆ ಪೂರ್ತಿಯಾಗಿ ಸೇರಗೊಡುವುದಿಲ್ಲ. ಅನ್ನದ ಉಂಡೆಯಲ್ಲಿಟ್ಟು ಕೊಟ್ಟು, ಮೇಲೆ ನೀರು ಕುಡಿಸುವುದು ಮೇಲು.

ರೋಗವನ್ನು ಗೊತ್ತುಮಾಡುವ ವಿಚಾರದಲ್ಲಿ ಒಂದೆರಡು ಮಾತು ಸಾಕು. ರಕ್ತವನ್ನು ಗಾಜಿನ ಮೇಲೆ ಬಳಿದು ನೋಡಿದಾಗ ಹಿಪ್ಪುನೇರಳೆ ಕಂಡರೆ ಸಂಶಯಕ್ಕೆಡೆಯಿಲ್ಲ. ಕಾಣಲಿಲ್ಲವೆಂದರೆ ರೋಗವಿಲ್ಲವೆಂದಲ್ಲ, ಏಕೆಂದರೆ ಅದು ಕಾಣುವುದೇ ಅಪರೂಪ. ರಕ್ತದಲ್ಲಿ ಪ್ರತಿವಸ್ತುಗಳನ್ನು ಹುಡುಕುವ ಪರೀಕ್ಷೆಯುಂಟು. ವಾಸಿಯಾದ ನಾಯಿಯಲ್ಲಿಯೂ ಆ ಪ್ರತಿವಸ್ತುಗಳು ಬಹುಕಾಲ ಉಳಿದಿರುವುದರಿಂದ ಅದೊಂದನ್ನೇ ನಂಬಿ ಮತ್ತೆ ಮತ್ತೆ ಮದ್ದು ಕೊಡುವುದು ಸರಿಯಲ್ಲ. ಸೂಕ್ಷ್ಮಜೀವಿಯ ಆನುವಂಶಿಕ ದ್ರವ್ಯವನ್ನೇ ಹುಡುಕುವ ಪಿ.ಸಿ.ಆರ್. ಪರೀಕ್ಷೆ ಈಗ ದೊಡ್ಡ ಊರುಗಳಲ್ಲಿ ದೊರೆಯುತ್ತದೆ. ಅಲ್ಲದೆ, ಉಣ್ಣೆ ಒಂದೇ ಕಚ್ಚಿನಲ್ಲಿ ಒಂದೇ ರೋಗವನ್ನು ಕೊಡಬೇಕೆಂಬ ನಿಯಮವೇನೂ ಇಲ್ಲ. ೧೯೧೦ರಲ್ಲಿ ಪ್ಯಾಟನ್ ಎಂಬವರು ಮದರಾಸಿನ ಬೇಟೆಕೂಟದ ನಾಯಿಗಳಲ್ಲಿಯೂ ಅನಂತರ ನರಿಗಳಲ್ಲಿಯೂ ಕಂಡುಹಿಡಿದ ಬೆಬಿಸಿಯ ಎಂಬ ಇನ್ನೊಂದು ಪರಾವಲಂಬಿಯೂ ಉಣ್ಣೆಯಿಂದಲೇ ಬರತಕ್ಕದ್ದು. ಅದು ಬ್ಯಾಕ್ಟೀರಿಯವಲ್ಲ, ಒಂದೇ ಕಣದ ಪ್ರಾಣಿ. ಕೆಂಪು ಕಣಗಳನ್ನು ಒಡೆಯುತ್ತದೆ. ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಬಹುದು. ಡಾಕ್ಸಿಸೈಕ್ಲಿನ್ ಒಂದರಿಂದಲೇ ಅದು ವಾಸಿಯಾಗುವುದಿಲ್ಲ. ಮನೆಯಲ್ಲಿಯೇ ಮದ್ದು ಮಾಡಬಾರದೆಂಬುದಕ್ಕೆ ಇದು ಇನ್ನೊಂದು ಕಾರಣ.

ಈ ರೋಗಕ್ಕೆ ಚುಚ್ಚುಮದ್ದಿನ ರಕ್ಷಣೆಯಿಲ್ಲ. ಒಮ್ಮೆ ಬಂದು ವಾಸಿಯಾದ ನಾಯಿಗೆ ಮತ್ತೆ ಬರಬಹುದು. ಆದ್ದರಿಂದ ಎಲ್ಲವೂ ಉಣ್ಣೆಯ ನಿವಾರಣೆಗೇ ಬಂದು ನಿಲ್ಲುತ್ತದೆ. ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ತಿನ್ನಿಸುವ ಮಾತ್ರೆಗಳು ಈಗ್ಗೆ ಹತ್ತು ಹನ್ನೆರಡು ವರ್ಷಗಳಿಂದ ಬಂದಿವೆ, ಬಹಳ ಪರಿಣಾಮಕಾರಿಯಾದುವು. ಆದರೆ ಅವು ಉಣ್ಣೆಯನ್ನು ಕೊಲ್ಲುವುದು ಅದು ಕಚ್ಚಿ ರಕ್ತ ಕುಡಿದ ಮೇಲೆ. ರೋಗ ದಾಟಲು ಕೆಲವೇ ಗಂಟೆ ಸಾಕೆಂಬುದನ್ನು ನೆನೆದರೆ, ಉಣ್ಣೆ ಹತ್ತಿರ ಸುಳಿಯದಂತೆ ಮಾಡುವ ಕೊರಳಪಟ್ಟಿಯನ್ನೋ ಬೆನ್ನಿಗೆ ಹಾಕುವ ಔಷಧವನ್ನೋ ಪಶುವೈದ್ಯರನ್ನು ಕೇಳಿ ಜೊತೆಗೆ ಬಳಸುವುದು ಉಚಿತ. ಬೆನ್ನಿಗೆ ಹಾಕುವ ಈ ಔಷಧಗಳಲ್ಲಿ ಪರ್ಮೆಥ್ರಿನ್ ಇರುವಂಥವು ಬೆಕ್ಕಿಗೆ ಪ್ರಾಣಾಂತಕವೆಂಬುದನ್ನು, ಎರಡನ್ನೂ ಸಾಕಿದವರು ಮರೆಯಬಾರದು.

ಮನೆಯ ಮಟ್ಟಿಗೆ, ಗೋಡೆಯ ಬಿರುಕುಗಳನ್ನು ಗಾರೆಯಿಂದ ಮುಚ್ಚಿಸುವುದು, ನಾಯಿಯ ಹಾಸಿಗೆಯನ್ನು ವಾರವಾರವೂ ಕುದಿನೀರಿನಲ್ಲಿ ಅದ್ದುವುದು, ನಾಯಿ ಮಲಗುವೆಡೆಯ ಸುತ್ತ ಗೋಡೆಯನ್ನು ಸೂರಿನವರೆಗೂ ನೋಡುವುದು ಅಗತ್ಯ. ನೆಲವನ್ನು ಮಾತ್ರ ತೊಳೆದು ತೃಪ್ತಿಪಟ್ಟರೆ ಗೋಡೆಯೇರಿದವು ಉಳಿದೇ ಇರುತ್ತವೆ. ಒಂದು ಸಲ ಮಾಡಿ ನಿಲ್ಲಿಸಿದರೂ ಪ್ರಯೋಜನವಿಲ್ಲ. ಎರಡು ತಿಂಗಳ ಚಕ್ರವೆಂದೆವಷ್ಟೆ, ಅದು ಎರಡು ಮೂರು ಸುತ್ತು ಮುಗಿಯುವವರೆಗೂ ಬಿಡದೆ ಮಾಡಬೇಕು. ಕಚ್ಚಿಕೊಂಡ ಉಣ್ಣೆಗೆ ಸೀಮೆಎಣ್ಣೆ ಹಚ್ಚುವುದೂ ಬೆಂಕಿಕಡ್ಡಿಯಿಂದ ಸುಡುವುದೂ ಕೂಡದು. ಸಣ್ಣ ಚಿಮಟದಿಂದ ಚರ್ಮಕ್ಕೆ ತೀರ ಸಮೀಪವಾಗಿ ಹಿಡಿದು, ತಿರುಚದೆ, ನೆಟ್ಟಗೆ ಮೆಲ್ಲನೆ ಎಳೆಯಬೇಕು.

ಉಪೇಕ್ಷೆಯಿಂದ ಏನಾಗುವುದೆಂಬುದಕ್ಕೆ ಹೊಸ ನಿದರ್ಶನ ಆಸ್ಟ್ರೇಲಿಯ. ಕಂದು ನಾಯಿಯುಣ್ಣೆ ಆ ಖಂಡದಲ್ಲಿ ಬಹುಕಾಲದಿಂದ ಇತ್ತು; ಎರ್ಲಿಕಿಯವು ಇರಲಿಲ್ಲ. ಹೊರಗಿನಿಂದ ಬರುವ ನಾಯಿಗಳನ್ನು ಪರೀಕ್ಷಿಸಿಯೇ ಒಳಕ್ಕೆ ಬಿಡುತ್ತಿದ್ದರು. ೨೦೨೦ರ ಮೇ ತಿಂಗಳಿನಲ್ಲಿ ಪಶ್ಚಿಮ ಆಸ್ಟ್ರೇಲಿಯದ ಕಿಂಬರ್ಲಿ ಸೀಮೆಯ ನಾಯಿಗಳಲ್ಲಿ ಅದು ಕಾಣಿಸಿಕೊಂಡಿತು. ಅನಂತರ ಉತ್ತರ ಪ್ರಾಂತಕ್ಕೂ ಹಬ್ಬಿತು. ಪಶುವೈದ್ಯರು ನೂರಾರು ಮೈಲಿ ದೂರದಲ್ಲಿರುವ ಮೂಲನಿವಾಸಿಗಳ ಹಟ್ಟಿಗಳಲ್ಲಿ, ಈ ರೋಗವನ್ನು ಹಿಂದೆಂದೂ ಕಂಡರಿಯದ ನಾಯಿಗಳು ಬಹಳವಾಗಿ ಸತ್ತುವು. ಉಣ್ಣೆ ಸಿದ್ಧವಾಗಿ ಕಾದಿದ್ದ ನಾಡಿಗೆ, ಆರೋಗ್ಯವಾಗಿ ತೋರುವ ಸೋಂಕಿನ ನಾಯಿ ಒಂದೇ ಬಂದರೂ ಸಾಕು.

ಮನೆಯಲ್ಲಿ ಮಕ್ಕಳಿರುವವರು ಕೇಳುವ ಪ್ರಶ್ನೆಯೊಂದು ಉಳಿದಿದೆ: ಇದು ಮನುಷ್ಯರಿಗೆ ಬರುವುದೇ? ಕಾಯಿಲೆಯ ನಾಯಿಯನ್ನು ಮುಟ್ಟುವುದರಿಂದಲೂ ಎತ್ತಿಕೊಳ್ಳುವುದರಿಂದಲೂ ಬಾರದು. ಅದಕ್ಕೆ ಹೆದರಿ ನಾಯಿಯನ್ನು ಹೊರಗಟ್ಟುವುದು ನಿಷ್ಕಾರಣವಾದ ಕ್ರೌರ್ಯ. ೧೯೫೭ರಲ್ಲಿ ಶಿವಮೊಗ್ಗೆಯ ಕ್ಯಾಸನೂರು ಕಾಡಿನಲ್ಲಿ ಕಂಡುಬಂದ ಮಂಗನ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ. ಅದರ ಕಾರಣ ವೈರಸ್, ಅದನ್ನು ತರುವ ಉಣ್ಣೆಯೂ ಕಾಡಿನ ಬೇರೊಂದು ಜಾತಿ. ಆದರೆ ಕಂದು ನ‍ಾಯಿಯುಣ್ಣೆ, ನಾಯಿ ದೊರೆಯದಾಗಲೋ ತೀರ ಹೆಚ್ಚಾದಾಗಲೋ ಮನುಷ್ಯರನ್ನೂ ಕಚ್ಚುತ್ತದೆ. ಇಂಡಿಯದ ಉಣ್ಣೆ ಟೈಫಸ್ ಎಂಬ ಮಚ್ಚೆಜ್ವರವನ್ನು ಅದು ನಮಗೆ ತರಬಲ್ಲದು. ೨೦೦೩ರಿಂದೀಚೆಗೆ ಅಮೆರಿಕದ ಅರಿಜೋನ ಪ್ರಾಂತದಲ್ಲಿ, ರಿಕೆಟ್ಸ್ ಶೋಧಿಸಿದ ಆ ಹಳೆಯ ಮಚ್ಚೆಜ್ವರವನ್ನು ಮೂಲನಿವಾಸಿಗಳ ಮಕ್ಕಳಿಗೆ ತಂದುದೂ ಇದೇ ಉಣ್ಣೆ. ಕಿತ್ತ ಉಣ್ಣೆಯನ್ನು ಉಗುರಿನಿಂದ ಚಿಟ್ಟೆನ್ನಿಸಿ ಕೊಲ್ಲುವುದು ನಮ್ಮಲ್ಲಿ ಹಳೆಯ ವಿನೋದ. ಅದರ ಮೈಯ ರಸ ಬೆರಳಿನ ಗಾಯಕ್ಕೋ ಕಣ್ಣಿಗೋ ತಗುಲದಿರುವುದು ಒಳ್ಳೆಯದು. ಸಾರಾಯಿ ಸ್ಪಿರಿಟ್ ಹಾಕಿದ ಸಣ್ಣ ಸೀಸೆಯೊಂದನ್ನು ಹತ್ತಿರವಿಟ್ಟುಕೊಂಡು ಅದರಲ್ಲಿ ಹಾಕಿ ಬಿರಡೆ ಮುಚ್ಚಿಬಿಟ್ಟರೆ ಸಾಕು.